ಕರುಳಿಗೆ ಕತ್ತರಿ ಹಾಕುವ ಮೊದಲು ಒಂದು ಮಾತು ಕೇಳಿ

ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ದಾವಣಗೆರೆಯವಳು. ಒಂದು ಸೌಹಾರ್ದ ಸಹಕಾರಿಯಲ್ಲಿ ಕ್ಯಾಷಿಯರ್. ವಯಸ್ಸು 35. ಮೂರೂವರೆ ವರ್ಷದ ಹಿಂದೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಂಡೋಮೆಟ್ರಿಯೋಸಿಸ್‌ಗೆ ಅಂತ ನನ್ನ ಕರುಳಿನ ಒಂಬತ್ತು ಸೆಂಟಿಮೀಟರ್ ಕತ್ತರಿಸಿ ತೆಗೆದರು. ಆಪರೇಷನ್ ಚೆನ್ನಾಗಿಯೇ ಆಯಿತು, ಅದರ ಬಗ್ಗೆ ನನ್ನ ದೂರಿಲ್ಲ. ಹಿಂದಿನ ದಿನ ಸಂಜೆ ಹನ್ನೊಂದು ಕಾಗದಗಳಿಗೆ ಸಹಿ ಹಾಕಿಸಿಕೊಂಡರು. ಬೆಲೆಬಾಳುವ ವಸ್ತು ಕಳೆದರೆ ಆಸ್ಪತ್ರೆ ಜವಾಬ್ದಾರಿಯಲ್ಲ ಅಂತ ಒಂದು. ನನಗೆ ರಕ್ತ ಏರಿಸಲು ಒಪ್ಪಿಗೆ ಅಂತ ಇನ್ನೊಂದು. ಹನ್ನೊಂದರಲ್ಲಿ ಒಂದರಲ್ಲೂ "ನಿಮಗೆ ಮಗು ಬೇಕಾ?" ಅನ್ನೋ ಪ್ರಶ್ನೆ ಇರಲಿಲ್ಲ.

ಇಡೀ ಊರು ಕೇಳುತ್ತಿದ್ದ ಪ್ರಶ್ನೆ ಅದು. ಮದುವೆಯಾದ ಮೂರನೇ ತಿಂಗಳಿಂದ ತರಕಾರಿ ಗಾಡಿಯವಳೂ "ಏನಕ್ಕಾ, ಏನಾದ್ರೂ ವಿಶೇಷ?" ಅಂತಿದ್ದಳು. ಬ್ಯಾಂಕಿಗೆ ಪಿಗ್ಮಿ ಕಟ್ಟಲು ಬರುವವರು ಕೇಳುತ್ತಿದ್ದರು. ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿಕೊಂಡು ಬನ್ನಿ ಅಂತ ದೊಡ್ಡಮ್ಮ ಹೇಳಿದರು, ಹೋಗಿ ಮಾಡಿಸಿಯೂ ಬಂದೆವು. ಕೇಳಬೇಕಾದವರು ಮಾತ್ರ ಕೇಳಲಿಲ್ಲ. ಈ ಪತ್ರ ಅದಕ್ಕೇ.

ಕಾಯಿಲೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಆಚೆ ಬೆಳೆಯುತ್ತದೆ. ಅಂಡಾಶಯದ ಮೇಲೆ, ಅಂಡಾಣು ಗರ್ಭಕೋಶಕ್ಕೆ ಬರುವ ಟ್ಯೂಬಿನ ಸುತ್ತ, ಮೂತ್ರಕೋಶದ ಮೇಲೆ, ಕೆಲವರಿಗೆ ಕರುಳಿನ ಗೋಡೆಯೊಳಗೆ. ಮುಟ್ಟಿನ ಹೊತ್ತಿಗೆ ಅದೂ ಊದಿಕೊಳ್ಳುತ್ತದೆ, ಒಸರುತ್ತದೆ. ಹೊರಗೆ ಹೋಗಲು ದಾರಿಯಿಲ್ಲ. ಅಲ್ಲೇ ಉರಿ, ಅಲ್ಲೇ ಗಾಯ. ಗಾಯ ಮಾಗುವಾಗ ಪಕ್ಕದ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮುಟ್ಟಾಗುವ ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 10 ಜನರಿಗೆ ಇದಿದೆ. ಜಗತ್ತಿನಲ್ಲಿ ಸುಮಾರು 19 ಕೋಟಿ ಹೆಣ್ಣುಮಕ್ಕಳು. ಕರುಳಿಗೆ ಹೋಗುವುದು ಅವರಲ್ಲಿ ಸ್ವಲ್ಪ ಜನರಿಗೆ. ಹೋದರೆ ಹೆಚ್ಚಾಗಿ ದೊಡ್ಡ ಕರುಳಿನ ಕೊನೆಗೆ, ಗುದನಾಳದ ಹತ್ತಿರ.

ನನಗೆ ಹೋಗಿದ್ದು ಅಲ್ಲಿಗೇ. ಮುಟ್ಟಿನ ಮೂರು ದಿನ ಟಾಯ್ಲೆಟ್ಟಿಗೆ ಹೋದರೆ ಗಾಜಿನ ಚೂರಿನ ಮೇಲೆ ಕೂತ ಹಾಗಾಗುತ್ತಿತ್ತು. ಕೆಲವು ತಿಂಗಳು ರಕ್ತ ಬರುತ್ತಿತ್ತು. ತೋರಿಸಿದಾಗ ಮೂಲವ್ಯಾಧಿ ಅಂದರು, ಮುಲಾಮು ಕೊಟ್ಟರು. ಇನ್ನೊಬ್ಬರು ಗ್ಯಾಸ್ಟ್ರಿಕ್ ಅಂದರು. "ತಿಂಗಳ ಆ ಮೂರು ದಿನ ಮಾತ್ರ ಬರೋ ಮೂಲವ್ಯಾಧಿ ಇರುತ್ತಾ ಸಾರ್?" ಅಂತ ನಾನು ಕೇಳಬೇಕಿತ್ತು. ಕೇಳೋಕೆ ನಾಚಿಕೆ. ಗಂಡಸು ಡಾಕ್ಟರ ಮುಂದೆ ಮುಟ್ಟಿನ ಮಾತು, ಅದರ ಮೇಲೆ ಟಾಯ್ಲೆಟ್ಟಿನ ಮಾತು. ಅಮ್ಮ ಮೆಂತ್ಯ ನುಂಗಿಸಿದಳು, ಮಗು ಆದರೆ ಎಲ್ಲ ಸರಿಹೋಗುತ್ತದೆ ಅಂದಳು. ಹೀಗೆ ಒಂಬತ್ತು ವರ್ಷ.

ಕೊನೆಗೆ ಸ್ಕ್ಯಾನಿಂಗಿನಲ್ಲಿ ಎರಡೂ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ ಕಾಣಿಸಿತು, ಅಂದರೆ ಈ ಕಾಯಿಲೆಯಿಂದ ಹಳೆಯ ರಕ್ತ ತುಂಬಿಕೊಂಡ ಗಂಟು. ನಮ್ಮ ಕಡೆಯ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಪ್ರೋಸ್ಕೋಪಿ ಮಾಡಿ ಎರಡೂ ಕಡೆಯ ಸಿಸ್ಟ್ ಸುಲಿದು ತೆಗೆದರು. ಕರುಳು ಅಂಟಿಕೊಂಡಿದೆ, ಅದು ನಮ್ಮ ಕೈಲಾಗಲ್ಲ, ಬೆಂಗಳೂರಿಗೆ ಹೋಗಿ ಅಂತ ಹೊಲಿದು ಕಳಿಸಿದರು. ಕೈಲಾಗಲ್ಲ ಅಂತ ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ನನಗೆ ಈಗಲೂ ಗೌರವ ಇದೆ. ಆದರೆ ಸಿಸ್ಟ್ ಸುಲಿಯುವಾಗ ಅದರ ಸಿಪ್ಪೆಯ ಜೊತೆ ಒಳ್ಳೆಯ ಅಂಡಾಣುಗಳೂ ಸ್ವಲ್ಪ ಹೋಗುತ್ತವೆ. ಎರಡೂ ಕಡೆ ಸುಲಿದರೆ ಇನ್ನೂ ಜಾಸ್ತಿ. ಇದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ನನಗೆ ಗೊತ್ತಾಗಿದ್ದು ಎರಡು ವರ್ಷದ ಮೇಲೆ, ಎಎಂಎಚ್ ಅನ್ನೋ ರಕ್ತ ಪರೀಕ್ಷೆ ಮಾಡಿಸಿದಾಗ. ಎಷ್ಟು ಅಂಡಾಣು ಉಳಿದಿವೆ ಅನ್ನೋದಕ್ಕೆ ಅದೊಂದು ಅಂದಾಜು. ನನ್ನದು 0.9 ಬಂತು, ಕಮ್ಮಿ. ಆಪರೇಷನ್‌ಗೆ ಮೊದಲು ಎಷ್ಟಿತ್ತು ಅಂತ ಕೇಳಿದರು. ಯಾರೂ ನೋಡಿಯೇ ಇರಲಿಲ್ಲ. ಬ್ಯಾಂಕಿನಲ್ಲಿ ಯಾರಾದರೂ ಓಪನಿಂಗ್ ಬ್ಯಾಲೆನ್ಸ್ ಬರೆಯದೆ ದಿನದ ಲೆಕ್ಕ ಶುರು ಮಾಡಿದರೆ ನಾವು ಅವರನ್ನು ಕೌಂಟರಿನಲ್ಲಿ ಕೂರಿಸಲ್ಲ.

ಇನ್ನು ದೊಡ್ಡ ಆಪರೇಷನ್. ಕರುಳಿನ ಗಂಟನ್ನು ಮೂರು ರೀತಿಯಲ್ಲಿ ತೆಗೆಯುತ್ತಾರೆ. ಮೇಲ್ಮೈಯಲ್ಲಿದ್ದರೆ ಹೆರೆದು ತೆಗೆಯುತ್ತಾರೆ. ಚಿಕ್ಕ ಗಂಟು ಆಳಕ್ಕೆ ಇಳಿದಿದ್ದರೆ ಅಷ್ಟು ಜಾಗವನ್ನು ಬಿಲ್ಲೆಯ ಹಾಗೆ ತೆಗೆದು ಹೊಲಿಯುತ್ತಾರೆ. ದೊಡ್ಡದಿದ್ದರೆ, ಅಥವಾ ಎರಡು ಮೂರು ಇದ್ದರೆ, ಆ ತುಂಡನ್ನೇ ಕತ್ತರಿಸಿ ಎರಡು ತುದಿಗಳನ್ನು ಜೋಡಿಸುತ್ತಾರೆ. ನನ್ನದು ಮೂರನೆಯದು. ಜೋಡಣೆ ಗುದದ್ವಾರಕ್ಕೆ ಹತ್ತಿರವಾದಷ್ಟೂ ಸೋರುವ ಭಯ ಜಾಸ್ತಿ. ಸೋರಿದರೆ ಹೊಟ್ಟೆಯೊಳಗೆ ಕೀವು, ಮತ್ತೆ ಆಪರೇಷನ್, ಮತ್ತೆ ಅಂಟು. ಈ ಹೊಸ ಅಂಟು ಟ್ಯೂಬಿಗೂ ಹಿಡಿಯಬಹುದು. ಅಂದರೆ ಕರುಳಿನ ಜೋಡಣೆಗೂ ಮಗುವಿಗೂ ಸಂಬಂಧ ಇದೆ. ಇದನ್ನು ಯಾರಾದರೂ ಮೊದಲೇ ಹೇಳಬೇಕು, ಅಲ್ವಾ?

ಸೋರದಿರಲಿ ಅಂತ ಸಣ್ಣ ಕರುಳಿನ ಒಂದು ಸುತ್ತನ್ನು ಹೊಟ್ಟೆಯ ಬಲಗಡೆ ಹೊರಗೆ ತಂದು ಹೊಲಿದಿದ್ದರು. ಮಲ ಅಲ್ಲಿಂದಲೇ, ಹೊಟ್ಟೆಗೆ ಅಂಟಿಸಿದ ಚೀಲಕ್ಕೆ. ಮೂರು ತಿಂಗಳು ಚೀಲ. ಚೀಲದ ಪ್ಲೇಟಿನಲ್ಲಿ ಕರುಳಿನ ಅಳತೆಗೆ ತೂತು ಕತ್ತರಿಸಬೇಕು. ದೊಡ್ಡದಾದರೆ ಸುತ್ತಲಿನ ಚರ್ಮ ಸುಟ್ಟುಹೋಗುತ್ತದೆ, ಚಿಕ್ಕದಾದರೆ ಕರುಳನ್ನೇ ಒತ್ತುತ್ತದೆ. ನಮ್ಮ ಮನೆಯವರು ಟಾನಿಕ್ ಬಾಟಲಿಯ ಮುಚ್ಚಳ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, ಚಿಕ್ಕ ಕತ್ತರಿಯಲ್ಲಿ ನಾಲಿಗೆ ಕಚ್ಚಿಕೊಂಡು ಕತ್ತರಿಸುತ್ತಿದ್ದರು. ಊರಿನಲ್ಲಿ ಇದನ್ನು ಹೇಳಿಕೊಡುವ ನರ್ಸ್ ನಮಗೆ ಸಿಗಲಿಲ್ಲ. ಕಲಿತಿದ್ದು ಮೊಬೈಲ್ ನೋಡಿ.

ಆಗಲೇ ನಾದಿನಿಯ ಸೀಮಂತ ಬಂತು. ಹೋಗದೆ ಇದ್ದರೆ ಮಾತಾಗುತ್ತದೆ, ಹೋದೆ. ಚೀಲದಲ್ಲಿ ಗಾಳಿ ತುಂಬಿ ಸೀರೆಯ ಕೆಳಗೆ ಉಬ್ಬಿಕೊಂಡಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ನನ್ನ ಹೊಟ್ಟೆ ನೋಡಿ, ಮುಖ ಅರಳಿಸಿಕೊಂಡು, "ನಿಂಗೆಷ್ಟು ತಿಂಗಳವ್ವಾ?" ಅಂದರು. ನಾಲ್ಕು ಗಂಟೆ ಅಜ್ಜಿ, ಅಂತ ಬಾಯಿಗೆ ಬಂದಿತ್ತು. ಚೀಲ ಖಾಲಿ ಮಾಡಿ ಅಷ್ಟು ಹೊತ್ತಾಗಿತ್ತು. ಸುಮ್ನೆ ನಕ್ಕು ಎದ್ದು ಹಿತ್ತಲ ಕಡೆ ಹೋದೆ.

ಡಿಸ್ಚಾರ್ಜ್ ದಿನ ನಾನೇ ಬಾಯಿಬಿಟ್ಟು ಮಗುವಿನ ವಿಷಯ ಕೇಳಿದೆ. "ಮೊದಲು ಹುಷಾರಾಗಮ್ಮ, ಆಮೇಲೆ ನೋಡೋಣ" ಅಂದರು. ಆರು ತಿಂಗಳಿಗೆ ಡೈನೋಜೆಸ್ಟ್ ಅನ್ನೋ ಹಾರ್ಮೋನು ಮಾತ್ರೆ ಬರೆದುಕೊಟ್ಟರು. ಒಳಗೆಲ್ಲ ಒಣಗಲಿ, ಮಗು ಬೇಗ ನಿಲ್ಲುತ್ತದೆ ಅಂದರು. ಮಾತ್ರೆ ನೋವಿಗೆ ಒಳ್ಳೆಯದು, ಕಾಯಿಲೆ ಮತ್ತೆ ಬರದ ಹಾಗೆ ತಡೆಯುವುದಕ್ಕೂ ಒಳ್ಳೆಯದು. ಆದರೆ ನುಂಗುತ್ತಿರುವಷ್ಟು ದಿನ ಬಸಿರಾಗುವ ಹಾಗಿಲ್ಲ. ಆಪರೇಷನ್ ಆದ ಮೇಲೆ ಮುಂದೆ ಬಸಿರು ನಿಲ್ಲಲಿ ಅನ್ನೋ ಒಂದೇ ಉದ್ದೇಶಕ್ಕೆ ಹಾರ್ಮೋನು ಕೊಡಬೇಡಿ ಅಂತ ಯುರೋಪಿನ ತಜ್ಞರ ಸಂಘದ 2022ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಜೋಡಿಸಿದ ಕರುಳು ಗಟ್ಟಿಯಾಗಲು, ಚೀಲ ಮುಚ್ಚಲು ಕೆಲವು ತಿಂಗಳು ಹೇಗೂ ಬೇಕು, ಒಪ್ಪುತ್ತೇನೆ. ಅದರ ಮೇಲಿನ ತಿಂಗಳುಗಳು ನನ್ನವು. ಎಎಂಎಚ್ 0.9 ಇರುವವಳಿಗೆ ಆರು ತಿಂಗಳು ಕಮ್ಮಿ ಏನಲ್ಲ.

ಚೀಲ ಮುಚ್ಚಿ, ಮಾತ್ರೆ ನಿಲ್ಲಿಸಿ, ಐವಿಎಫ್ (ಟೆಸ್ಟ್‌ಟ್ಯೂಬ್ ಬೇಬಿ) ಡಾಕ್ಟರ ಹತ್ತಿರ ಹೋದೆವು. ಅವರು ಫೈಲು ತಿರುವಿ ಹಾಕಿ ಮೊದಲು ಕೇಳಿದ್ದು, "ಟ್ಯೂಬು ಹೇಗಿತ್ತು ಅಂತ ಬರೆದಿದ್ದಾರಾ?" ಡಿಸ್ಚಾರ್ಜ್ ಸಮರಿ ಎರಡು ಪುಟ. ಕರುಳು ಎಷ್ಟು ಉದ್ದ ತೆಗೆದರು, ಯಾವ ಸ್ಟೇಪ್ಲರ್, ಎಷ್ಟು ರಕ್ತ ಹೋಯಿತು, ಎಲ್ಲ ಇತ್ತು. ಟ್ಯೂಬಿನ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಐದು ಗಂಟೆ ಹೊಟ್ಟೆಯೊಳಗೆ ಕ್ಯಾಮೆರಾ ಇಟ್ಟುಕೊಂಡಿದ್ದರು. ಟ್ಯೂಬು ಕಣ್ಣೆದುರಿಗೇ ಇತ್ತು. ನೋಡಿಯೂ ಇರುತ್ತಾರೆ. ಬರೆಯಲಿಲ್ಲ.

ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಎಂಡೋಮೆಟ್ರಿಯೋಸಿಸ್ ಆಪರೇಷನ್ ಆದವರು ತಾವಾಗಿಯೇ ಬಸಿರಾಗುವ ಸಾಧ್ಯತೆ ಎಷ್ಟು ಅಂತ ಅಂದಾಜು ಮಾಡಲು ಒಂದು ಲೆಕ್ಕ ಇದೆ. 2010ರಲ್ಲಿ ಅಮೆರಿಕದ ಇಬ್ಬರು ಪ್ರಕಟಿಸಿದ್ದು. ಎಂಡೋಮೆಟ್ರಿಯೋಸಿಸ್ ಫರ್ಟಿಲಿಟಿ ಇಂಡೆಕ್ಸ್ ಅನ್ನುತ್ತಾರೆ. ಒಟ್ಟು 10 ಅಂಕ. ಐದು ಅಂಕ ಹೆಣ್ಣುಮಗಳ ವಯಸ್ಸು, ಎಷ್ಟು ವರ್ಷದಿಂದ ಪ್ರಯತ್ನ ಮಾಡುತ್ತಿದ್ದಾಳೆ, ಹಿಂದೆ ಬಸಿರಾಗಿದ್ದಳಾ ಅನ್ನೋದಕ್ಕೆ. ಉಳಿದ ಐದು, ಆಪರೇಷನ್ ಮಾಡುವವರು ಒಳಗೆ ಕಂಡದ್ದಕ್ಕೆ. ಎರಡೂ ಕಡೆಯ ಟ್ಯೂಬು, ಅದರ ತುದಿಯ ಬೆರಳಿನಂಥ ಎಳೆಗಳು, ಅಂಡಾಶಯ, ಇವು ಎಷ್ಟರ ಮಟ್ಟಿಗೆ ಕೆಲಸ ಮಾಡಬಲ್ಲವು, ಕಾಯಿಲೆ ಎಷ್ಟು ಹಬ್ಬಿದೆ. ಅಂಕ ಚೆನ್ನಾಗಿದ್ದರೆ ಸ್ವಲ್ಪ ಕಾಲ ಮನೆಯಲ್ಲೇ ಪ್ರಯತ್ನ ಮಾಡಿ ಅನ್ನಬಹುದು. ಕಮ್ಮಿ ಇದ್ದರೆ ಕಾಯದೆ ಐವಿಎಫ್‌ಗೆ ಹೋಗಿ ಅನ್ನಬಹುದು. ನನ್ನ ಹತ್ತರಲ್ಲಿ ಐದು ಅಂಕ ಆ ದಿನ ಓಟಿಯಲ್ಲೇ ಉಳಿದುಹೋಯಿತು. ಆ ಐದನ್ನು ತಿಳಿಯಲು ಈಗ ಮತ್ತೆ ಹೊಟ್ಟೆಗೆ ತೂತು ಹಾಕಿ ನೋಡಬೇಕು. ನಾನು ಬೇಡ ಅಂದೆ.

ಹಾಗಾದರೆ ಕರುಳಿನ ಆಪರೇಷನ್ ಆದರೆ ಮಗು ಆಗುತ್ತಾ, ಆಗಲ್ವಾ? ನನ್ನ ಹಾಗೇ ಫೈಲು ಹಿಡಿದು ಕೂತವರು ಇದನ್ನು ಓದುತ್ತಿದ್ದರೆ ಅವರಿಗೂ ಇದೇ ಬೇಕಿರುತ್ತದೆ. ಫ್ರಾನ್ಸಿನ ರೂವಾಂ ಊರಿನಲ್ಲಿ ಕೆಲಸ ಮಾಡುತ್ತಿದ್ದ ಶಸ್ತ್ರಚಿಕಿತ್ಸಕ ಹೊರಾಸ್ ರೋಮಾಂ ಮತ್ತು ಜೊತೆಗಾರರು ಗುದನಾಳದ ಆಪರೇಷನ್ ಆದವರನ್ನು ವರ್ಷಗಟ್ಟಲೆ ಹಿಂಬಾಲಿಸಿ 2018ರಲ್ಲಿ ಫಲಿತಾಂಶ ಹೇಳಿದರು. ಮಗು ಬೇಕು ಅಂದಿದ್ದ 36 ಜನರಲ್ಲಿ 29 ಜನ ಬಸಿರಾದರು. ನೂರಕ್ಕೆ 81. ಆ ಬಸಿರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಐವಿಎಫ್ ಇಲ್ಲದೆ, ತಾವಾಗಿಯೇ ನಿಂತವು. ಆಪರೇಷನ್‌ಗೆ ಮೊದಲು ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದು ವರ್ಷಕ್ಕೂ ಮೇಲ್ಪಟ್ಟು ಪ್ರಯತ್ನಿಸಿ ಸೋತಿದ್ದವರು. ಇದನ್ನು ಓದಿದ ರಾತ್ರಿ ನಾನು ಅತ್ತೆ. ಬೆಳಿಗ್ಗೆ ಎದ್ದು ಮತ್ತೆ ಓದಿದೆ. 36 ಅಂದರೆ ಕಡಿಮೆ ಜನ. ಕೈ ಪಳಗಿದ ತಂಡಗಳು ಮಾಡಿದ ಆಪರೇಷನ್. ಆಪರೇಷನ್ ಮಾಡದೆ ಬಿಟ್ಟಿದ್ದರೆ ಅವರಲ್ಲಿ ಎಷ್ಟು ಜನ ಬಸಿರಾಗುತ್ತಿದ್ದರು ಅನ್ನೋದಕ್ಕೆ ಅದರಲ್ಲಿ ಉತ್ತರ ಇಲ್ಲ. ಮಗು ಆಗಲಿ ಅಂತ ಮಾತ್ರ, ನೋವಿಲ್ಲದಿದ್ದರೂ ಕರುಳು ಕತ್ತರಿಸಿ ಅಂತ ಹೇಳುವಷ್ಟು ಗಟ್ಟಿ ಪುರಾವೆ ಇವತ್ತಿಗೂ ಇಲ್ಲ. ನೋವು ತಡೆಯಲಾಗದಿದ್ದರೆ, ಕರುಳು ಮುಚ್ಚಿಕೊಳ್ಳುವ ಹಾಗಿದ್ದರೆ, ಆಪರೇಷನ್ ಬೇಕು. ನೋವು ಸಹಿಸುವ ಹಾಗಿದ್ದು ಮಗು ಬೇಕು ಅಂದರೆ, ಕರುಳು ಮುಟ್ಟದೆ ನೇರ ಐವಿಎಫ್‌ಗೆ ಹೋಗುವ ದಾರಿಯೂ ಇದೆ. ಎರಡೂ ಅಂಡಾಶಯದಲ್ಲಿ ಸಿಸ್ಟ್ ಇದ್ದರೆ, ಕತ್ತರಿ ಹಾಕುವ ಮೊದಲೇ ಅಂಡಾಣು ಅಥವಾ ಭ್ರೂಣ ತೆಗೆದು ಫ್ರೀಜ್ ಮಾಡಿಡುವ ದಾರಿಯೂ ಇದೆ. ಯಾವುದು ಸರಿ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು. ನನಗೆ ಈ ದಾರಿಗಳು ಇವೆ ಅಂತಲೇ ಗೊತ್ತಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದರೂ ನಾನು ಬಹುಶಃ ಆಪರೇಷನ್‌ಗೇ ಹೂಂ ಅನ್ನುತ್ತಿದ್ದೆ, ಅಷ್ಟು ನೋವಿತ್ತು. ಆದರೆ ಮೊದಲು ಅಂಡಾಣು ತೆಗೆದಿಡುತ್ತಿದ್ದೆ.

ನನಗೆ ಆಮೇಲೆ ಮಗು ಆಯಿತಾ ಅನ್ನೋದನ್ನು ಈ ಪತ್ರದಲ್ಲಿ ಬರೆಯುವುದಿಲ್ಲ. ಆಯಿತು ಅಂದರೆ, "ನೋಡಿ, ಎಲ್ಲ ಸರಿಹೋಯಿತಲ್ಲ" ಅಂತೀರಿ. ಇಲ್ಲ ಅಂದರೆ ಅಯ್ಯೋ ಪಾಪ ಅಂತೀರಿ. ಎರಡರಲ್ಲೂ ಇಲಾಖೆ ಏನೂ ಮಾಡಬೇಕಾಗಿ ಬರುವುದಿಲ್ಲ. ವಿಶೇಷ ಏನಾದ್ರೂ ಇದೆಯಾ ಅಂತ ದಯವಿಟ್ಟು ನೀವೂ ಕೇಳಬೇಡಿ.

ಮಾಡಬೇಕಾದ್ದು ಏನು ಅಂದರೆ, ಮೊದಲನೆಯದಕ್ಕೆ ಹೆಚ್ಚುಕಮ್ಮಿ ಖರ್ಚೇ ಇಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಆಪರೇಷನ್‌ಗೆ ಮೊದಲು ಆಸ್ಪತ್ರೆಯವರು ಟ್ರಸ್ಟಿನ ಒಪ್ಪಿಗೆ ಕೇಳುತ್ತಾರಲ್ಲ, ಎಂಡೋಮೆಟ್ರಿಯೋಸಿಸ್ ಇರುವ ಹೆಣ್ಣುಮಗಳ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ. ಮಗು ಬೇಕೋ ಬೇಡವೋ ಕೇಳಿದ್ದೀರಾ? ಎಎಂಎಚ್ ಎಷ್ಟು? ಅಂಡಾಣು ತೆಗೆದಿಡುವ ವಿಷಯ ಹೇಳಿದ್ದೀರಾ? ಮದುವೆ ಆಗಿಲ್ಲದವಳನ್ನೂ ಕೇಳಿ, ಅವಳಿಗೇ ಜಾಸ್ತಿ ಬೇಕಾದ ಪ್ರಶ್ನೆ ಅದು. ಮಗು ಬೇಡ ಅಂದವಳ ಉತ್ತರವನ್ನೂ ಹಾಗೇ ಬರೆದುಕೊಳ್ಳಿ, ಬುದ್ಧಿ ಹೇಳಬೇಡಿ. ಆಪರೇಷನ್ ಆದ ಮೇಲೆ ಹಣ ಬಿಡುಗಡೆಗೆ ಕಳಿಸುವ ಡಿಸ್ಚಾರ್ಜ್ ಸಮರಿಯಲ್ಲಿ ಟ್ಯೂಬು, ಅಂಡಾಶಯ, ಆ ಹತ್ತು ಅಂಕದ ಲೆಕ್ಕ ಇರಲೇಬೇಕು ಅನ್ನಿ. ಇಲ್ಲದಿದ್ದರೆ ಬಿಲ್ ಪಾಸ್ ಮಾಡಬೇಡಿ. ಮರುದಿನದಿಂದಲೇ ಎಲ್ಲರೂ ಬರೆಯುತ್ತಾರೆ. ಬಿಲ್ ನಿಂತರೆ ಏನಾಗುತ್ತದೆ ಅಂತ ಕ್ಯಾಷಿಯರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಎರಡನೆಯದು, ಮೂವರು ಡಾಕ್ಟರು ಒಂದು ಮೇಜಿಗೆ ಬರಬೇಕು. ಹೆಂಗಸರ ಡಾಕ್ಟರು, ಕರುಳಿನ ಸರ್ಜನ್, ಐವಿಎಫ್ ಡಾಕ್ಟರು. ಇಂಗ್ಲೆಂಡಿನಲ್ಲಿ ಇಂಥ ಕಷ್ಟದ ಕೇಸುಗಳಿಗೆ ಹೆಂಗಸರ ಡಾಕ್ಟರು, ಕರುಳಿನ ಸರ್ಜನ್, ಇದಕ್ಕೇ ಮೀಸಲಾದ ನರ್ಸ್ ಸೇರಿ ಕೆಲಸ ಮಾಡುವ ವಿಶೇಷ ಕೇಂದ್ರಗಳಿವೆ. ನಮ್ಮಲ್ಲಿ ಕಟ್ಟಡ ಕಟ್ಟಬೇಕಾಗಿಲ್ಲ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಇದೆ. ಅದರ ಪಕ್ಕದಲ್ಲೇ ವಿಕ್ಟೋರಿಯಾ ಆವರಣದಲ್ಲಿ ಸರ್ಕಾರದ್ದೇ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ. ನಡೆದುಕೊಂಡು ಹೋಗುವಷ್ಟು ಹತ್ತಿರ. ತಿಂಗಳಿಗೆ ಒಂದು ದಿನ ಎರಡೂ ಕಡೆಯವರು ಒಬ್ಬ ಐವಿಎಫ್ ಡಾಕ್ಟರ ಜೊತೆ ಕೂತು ಇಂಥವರ ಎಂಆರ್‌ಐ ನೋಡಲಿ. ಹುಬ್ಬಳ್ಳಿಯಲ್ಲೂ ಇಂಥ ಒಂದು ದಿನ ಆಗಲಿ, ನಮ್ಮ ಕಡೆಯವರಿಗೆ ಹತ್ತಿರ. ಜಿಲ್ಲಾ ಆಸ್ಪತ್ರೆಗೊಬ್ಬರು ಚೀಲ ಹಾಕಲು ಕಲಿತ ನರ್ಸ್ ಇದ್ದರೆ ನಮ್ಮ ಮನೆಯವರಂಥವರು ಟಾನಿಕ್ ಮುಚ್ಚಳ ಹುಡುಕುವುದು ತಪ್ಪುತ್ತದೆ.

ಮೂರನೆಯದಕ್ಕೆ ದುಡ್ಡು ಬೇಕು, ಗೊತ್ತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ಭಾರತ್‌ನಲ್ಲಿ ಮಗು ಆಗುವ ಚಿಕಿತ್ಸೆ ಹೊರಗಿಟ್ಟ ಪಟ್ಟಿಯಲ್ಲಿದೆ. ಇದೊಂದು ವಿಚಿತ್ರ. ಅಂಡಾಶಯ ಕೊಯ್ಯುವುದಕ್ಕೆ ಸರ್ಕಾರದ ಹಣ ಇದೆ, ಕೊಯ್ಯುವ ಮೊದಲು ಅಂಡಾಣು ಉಳಿಸಿಕೊಳ್ಳಲು ಇಲ್ಲ. ಎಲ್ಲರಿಗೂ ಐವಿಎಫ್ ಕೊಡಿ ಅಂತ ನಾನು ಕೇಳುತ್ತಿಲ್ಲ. ಕಾಯಿಲೆಯ ಆಪರೇಷನ್‌ನಿಂದಲೇ ಅಂಡಾಣು ಕಳೆದುಕೊಳ್ಳುವವರಿಗೆ, ಕ್ಯಾನ್ಸರ್ ಚಿಕಿತ್ಸೆಗೆ ಹೋಗುವ ಹುಡುಗಿಯರಿಗೆ, ಮೊದಲು ಕೊಡಿ. ಪಕ್ಕದ ಗೋವಾದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೇ 2023ರಲ್ಲಿ ಉಚಿತ ಐವಿಎಫ್ ಶುರು ಮಾಡಿದರು. ನಮಗಿಂತ ಎಷ್ಟೋ ಚಿಕ್ಕ ರಾಜ್ಯ ಅದು. ನಾನು ಐವಿಎಫ್‌ಗೆ ಬಳೆ ಅಡ ಇಟ್ಟೆ. ಇಟ್ಟಿದ್ದು ನಮ್ಮದೇ ಸಹಕಾರಿಯಲ್ಲಿ. ನಾನು ದಿನಾ ಕೂರುವ ಕೌಂಟರಿನ ಈಚೆ ನಿಂತು ಟೋಕನ್ ತೆಗೆದುಕೊಂಡೆ. ತೂಕ ಹಾಕಿದ ಅಕ್ಕಸಾಲಿಗರು ನನ್ನ ಮುಖ ನೋಡಲಿಲ್ಲ, ಒಳ್ಳೆಯವರು.

2025ರ ಅಕ್ಟೋಬರಿನಲ್ಲಿ ನಿಮ್ಮ ಸಂಪುಟ ವರ್ಷಕ್ಕೆ 12 ದಿನ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ನಮ್ಮ ಆಫೀಸಿನಲ್ಲಿ ಗಂಡಸರು ತಮಾಷೆ ಮಾಡಿದರು, ಹೆಂಗಸರು ಖುಷಿಪಟ್ಟೆವು. ನಾನೂ. ಆದರೆ ತಿಂಗಳಿಗೆ ಒಂದು ದಿನದ ರಜೆ ಸಾಲದೆ ನಾಲ್ಕು ದಿನ ಮಲಗುವ ಹುಡುಗಿಗೆ ರಜೆಗಿಂತ ಮೊದಲು ಒಂದು ಸರಿಯಾದ ಸ್ಕ್ಯಾನಿಂಗ್ ಬೇಕು. ಕರುಳಿನ ಗಂಟನ್ನು ಗುರುತಿಸಲು ಕಲಿತವರು ಕೆಳಗಿನಿಂದ ಸ್ಕ್ಯಾನ್ ಮಾಡಿದರೆ ಎಷ್ಟೋ ಸಲ ಹೊಟ್ಟೆ ಕೊಯ್ಯದೆಯೇ ಗೊತ್ತಾಗುತ್ತದೆ. ಹಾಗೆ ಗೊತ್ತಾದರೆ ಎಲ್ಲಿ, ಯಾರ ಹತ್ತಿರ, ಎಷ್ಟು ಸಲ ಕೊಯ್ಯಬೇಕು ಅಂತ ಮೊದಲೇ ಯೋಚಿಸಬಹುದು. ನನ್ನ ಹಾಗೆ ಒಮ್ಮೆ ಅರ್ಧ, ಒಮ್ಮೆ ಪೂರ್ತಿ ಅಂತ ಎರಡು ಸಲ ಆಗುವುದಿಲ್ಲ.

ನನ್ನ ಫೈಲು ನಾಲ್ಕು ಇಂಚು ದಪ್ಪ ಇದೆ. ಟ್ರಸ್ಟಿನವರಿಗೆ ಆ ಅರ್ಜಿಯ ಸಾಲುಗಳನ್ನು ಬರೆಯಲು ಉಪಯೋಗಕ್ಕೆ ಬರುವುದಾದರೆ ತಂದು ತೋರಿಸುತ್ತೇನೆ. ಒಂದು ಸಣ್ಣ ವಿನಂತಿ, ಸಮಯ ಮಧ್ಯಾಹ್ನ ಎರಡರ ಮೇಲೆ ಇಟ್ಟುಕೊಳ್ಳಿ. ಕರುಳು ಕತ್ತರಿಸಿ ಜೋಡಿಸಿದ ಮೇಲೆ ಬೆಳಗಿನ ಹೊತ್ತು ನನಗೆ ಮೂರು ನಾಲ್ಕು ಸಲ ಹೋಗಬೇಕಾಗುತ್ತದೆ, ತಡೆದುಕೊಳ್ಳಲು ಆಗುವುದಿಲ್ಲ. ದಾವಣಗೆರೆಯಿಂದ ಮುಂಜಾನೆಯ ಬಸ್ಸು ಹತ್ತಿದರೆ ಹಿರಿಯೂರಿನವರೆಗೆ ಎಲ್ಲೂ ನಿಲ್ಲಿಸುವುದಿಲ್ಲ.

ಇಂತಿ,
ದಾವಣಗೆರೆಯ ಒಬ್ಬ ಕ್ಯಾಷಿಯರ್